ಓದಿನ ರುಚಿ, ನಾಟಕದ ನಗೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಫಲಿತಾಂಶದ ಮಾತಾಯಿತು, ಕಟ್ಟಡದ ಮಾತಾಯಿತು, ಸಾಧಕರಿಗೆ ಸನ್ಮಾನವೂ ಆಯಿತು. ಎಲ್ಲವೂ ಆಗಬೇಕಾದದ್ದೇ. ನಾನು ಎತ್ತಿಕೊಂಡಿರುವುದು ಸ್ವಲ್ಪ ಹಗುರವಾದ ವಿಷಯ: ಬಿಡುವಿನ ಹೊತ್ತಿನ ಕಥೆ ಕಾದಂಬರಿ ಮತ್ತು ನಗೆನಾಟಕ. ಕಾದಂಬರಿ ಹಿಡಿದ ಹುಡುಗ ಕೆಟ್ಟ, ಬಣ್ಣ ಹಚ್ಚಿದವನು ಇನ್ನೂ ಕೆಟ್ಟ ಎಂದು ಗದರುವ ಮನೆಗಳು ನಮ್ಮಲ್ಲಿ ಬಹಳ ಇದ್ದವು. ಆದರೂ ನಮ್ಮ ಜನ ಪುಸ್ತಕ ಹಿಡಿಯುವುದನ್ನು ಕಲಿತದ್ದು ಹೆಚ್ಚಾಗಿ ಈ ಹಗುರವಾದವುಗಳಿಂದಲೇ ಎಂಬುದು ನನ್ನ ತಿಳಿವಳಿಕೆ.

ಗಳಗನಾಥರನ್ನು ನೆನೆಯೋಣ. ಅವರೂ ಶಾಲಾ ಮೇಷ್ಟ್ರೇ. ಐತಿಹಾಸಿಕ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುಂದೆ ಏನಾಯಿತು ಎಂಬ ಕುತೂಹಲವೇ ಓದುಗನನ್ನು ಪುಟದಿಂದ ಪುಟಕ್ಕೆ ಎಳೆಯಿತು. ಆಮೇಲೆ ಅನಕೃ ಬಂದರು, ತ್ರಿವೇಣಿ ಬಂದರು, ಎಂ.ಕೆ. ಇಂದಿರಾ ಬಂದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡಿದವು. ಅಡುಗೆ ಮುಗಿಸಿದ ಹೆಂಗಸರು ವಾರಪತ್ರಿಕೆಯ ಧಾರಾವಾಹಿಗೆ ಕಾದು ಕುಳಿತರು. ಓದಿ ಎಂದು ಇವರಿಗೆ ಯಾರೂ ಹೇಳಿರಲಿಲ್ಲ.

ಬೀಚಿಯವರ ಉದಾಹರಣೆ ಇನ್ನೂ ಸೊಗಸು. ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ಅವರಿಗೆ ಕನ್ನಡ ಪುಸ್ತಕಗಳ ನಂಟು ಅಷ್ಟಾಗಿ ಇರಲಿಲ್ಲ. ಅನಕೃ ಅವರ ‘ಸಂಧ್ಯಾರಾಗ’ ಕಾದಂಬರಿ ಅವರನ್ನು ಕನ್ನಡದತ್ತ ಎಳೆಯಿತು. ಮುಂದೆ ಅವರ ತಿಮ್ಮ ನಾಡನ್ನೆಲ್ಲ ನಗಿಸಿದ. ಇನ್ನು 1942ರಲ್ಲಿ ‘ಕೊರವಂಜಿ’ ಎಂಬ ನಗೆಪತ್ರಿಕೆ ಶುರು ಮಾಡಿದ ರಾಶಿಯವರು ವೃತ್ತಿಯಿಂದ ವೈದ್ಯರು. ನಗುವೂ ಒಂದು ಔಷಧ ಎಂಬುದು ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು?

ನಾಟಕದ ಮಾತಿಗೆ ಬರುತ್ತೇನೆ. ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ವನ್ನು ದಶಕಗಳ ಕಾಲ ಆಡಿದರು. ಕಚೇರಿಯಲ್ಲಿ ಬಾಯಿ ಬಿಡಲಾಗದ ರೈತ ಆ ನಾಟಕ ನೋಡಿ ಬಾಯ್ತುಂಬ ನಕ್ಕ. ಮುಂದಿನ ಸಾಲಿನಲ್ಲಿ ಕುಳಿತ ಅಧಿಕಾರಿಯೂ ನಗಲೇಬೇಕಾಯಿತು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನಂತೂ ಪ್ರತಿ ಶಾಲೆಯೂ ಆಡಬೇಕು. ಪುಸ್ತಕದ ಹುಳುವಾದ ಒಬ್ಬ ಮಗ, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನೆಗೆ ಆಸರೆಯಾಗುವ ಇನ್ನೊಬ್ಬ ಮಗ. ಟೊಳ್ಳು ಯಾವುದು, ಗಟ್ಟಿ ಯಾವುದು? ಅಂಕಪಟ್ಟಿಯನ್ನೇ ನೋಡುವ ನಮ್ಮಂಥ ತಂದೆತಾಯಿಗಳನ್ನು ಅದು ಇಂದಿಗೂ ಕೇಳುತ್ತದೆ.

ನಮ್ಮ ಕಡೆ ಹಳ್ಳಿ ನಾಟಕ ಕಲಿಯುವ ಕ್ರಮವೂ ಒಂದು ಪಾಠಶಾಲೆಯೇ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಓದು ಬರುವವನು ಮಾತುಗಳನ್ನು ಓದಿ ಹೇಳಿದರೆ, ಅಕ್ಷರ ಬಾರದವನು ಕೇಳಿ ಬಾಯಿಪಾಠ ಮಾಡುತ್ತಿದ್ದ. ಹೊಲದಲ್ಲಿ ಜಗಳವಾಡಿದವರು ರಾತ್ರಿ ಅಣ್ಣ ತಮ್ಮಂದಿರ ಪಾತ್ರ ಮಾಡಬೇಕಾಗಿತ್ತು.

ಈಗ ಏನಾಗಿದೆ? ವಾರ್ಷಿಕೋತ್ಸವವೆಂದರೆ ಸಿನಿಮಾ ಹಾಡಿಗೆ ಕುಣಿತ. ನಾಲ್ಕು ನಿಮಿಷ ಹಾಡು ಮೊಳಗುತ್ತದೆ, ಮಗು ಒಂದು ಮಾತೂ ಆಡದೆ ವೇದಿಕೆ ಇಳಿಯುತ್ತದೆ. ಮೊಬೈಲಿನಲ್ಲೂ ನಗು ಸಿಗುತ್ತದೆ, ನಾನೇನೂ ಬೇಡ ಎನ್ನುವುದಿಲ್ಲ. ಆದರೆ ಅದನ್ನು ಮೂಲೆಯಲ್ಲಿ ಒಬ್ಬೊಬ್ಬರೇ ನಗುತ್ತೇವೆ. ಇನ್ನು ಓದು? ಪಠ್ಯಪುಸ್ತಕವೊಂದನ್ನೇ ಕಂಡ ಮಗು ಎಸ್ಸೆಸ್ಸೆಲ್ಸಿಯ ಕೊನೆಯ ಪರೀಕ್ಷೆಯ ದಿನವೇ ಓದನ್ನು ಕೈಬಿಡುವ ಭಯ ನನಗಿದೆ. ಮನೆಯಲ್ಲಿ ಮೊದಲು ಅಕ್ಷರ ಕಲಿತ ಮಗುವಿಗೆ ಇದು ದೊಡ್ಡ ನಷ್ಟ. ಕಥೆ ಓದುತ್ತ ಓದುತ್ತ ಕಣ್ಣಿಗೆ ಓಟ ಬರುತ್ತದೆ. ಗೊತ್ತಿಲ್ಲದ ಪದಕ್ಕೆ ಕಥೆಯೇ ಅರ್ಥ ಹೇಳುತ್ತದೆ. ಆ ಓಟ ಇದ್ದವನು ನಾಳೆ ಬ್ಯಾಂಕಿನ ಸಾಲಪತ್ರವನ್ನೂ ಪಹಣಿಯನ್ನೂ ತಾನೇ ಓದಿ ಸಹಿ ಹಾಕುತ್ತಾನೆ. ಇಲ್ಲದವನು ಯಾರೋ ಬೆರಳು ತೋರಿಸಿದ ಕಡೆ ಹಾಕುತ್ತಾನೆ.

ಹಗುರ ಓದಿನಲ್ಲೇ ನಿಂತುಬಿಟ್ಟರೆ ಎಂದು ಕೆಲವರು ಕೇಳಬಹುದು. ಕೆಲವರು ನಿಲ್ಲುತ್ತಾರೆ, ನಿಲ್ಲಲಿ ಬಿಡಿ. ಓದುವ ಅಭ್ಯಾಸವಾದರೂ ಉಳಿಯಿತಲ್ಲ. ಕೆಲವರು ಅಲ್ಲಿಂದ ಕುವೆಂಪು, ಕಾರಂತರತ್ತ ನಡೆಯುತ್ತಾರೆ. ಮೊದಲ ಮೆಟ್ಟಿಲನ್ನೇ ತೆಗೆದರೆ ಹತ್ತುವವರು ಯಾರು?

ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಮೂರು. ಒಂದು, ನಿಧಿಯಲ್ಲಿ ಸ್ವಲ್ಪ ತೆಗೆದು ಕಥೆ, ಕಾದಂಬರಿ, ನಗೆಬರಹಗಳ ಒಂದು ಕಪಾಟು ಇಡೋಣ; ಅದಕ್ಕೆ ಬೀಗ ಬೇಡ. ಪುಸ್ತಕ ಹರಿದರೆ ಓದಿದ್ದಾರೆ ಎಂದು ಸಂತೋಷಪಡೋಣ. ಎರಡು, ವಾರಕ್ಕೊಂದು ಪೀರಿಯಡ್ ಸುಮ್ಮನೆ ಓದಲು ಬಿಡಿ; ಪ್ರಶ್ನೋತ್ತರ, ಅಂಕ ಏನೂ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ಮೂರು, ಪ್ರತಿ ವಾರ್ಷಿಕೋತ್ಸವದಲ್ಲಿ ಮಕ್ಕಳೇ ಮಾತಾಡುವ ಒಂದು ನಗೆನಾಟಕ ಆಗಲಿ. ಬಣ್ಣ ಹಚ್ಚಿದ ಅನುಭವವಿರುವ ಹಿರಿಯರು ಊರಿನಲ್ಲಿ ಇನ್ನೂ ಇದ್ದಾರೆ, ಅವರಿರುವಾಗಲೇ ಕಲಿತುಕೊಳ್ಳೋಣ.

ಮೊದಲ ಕಂತಾಗಿ ಐವತ್ತು ಪುಸ್ತಕಗಳನ್ನು ತಂದಿದ್ದೇನೆ. ಶಾಲೆಯ ಐವತ್ತು ವರ್ಷಕ್ಕೆ ವರ್ಷಕ್ಕೊಂದರಂತೆ. ಮುಖ್ಯೋಪಾಧ್ಯಾಯರು ದಯವಿಟ್ಟು ಸ್ವೀಕರಿಸಬೇಕು. ಮಕ್ಕಳು ಇವತ್ತೇ ಒಂದೊಂದು ಮನೆಗೆ ಒಯ್ಯಬೇಕು.