ವ್ಯಾಪಾರದ ಸುದ್ದಿ ತರುವ ಸೇವೆ: ಆರಿಸುವುದು ಹೇಗೆ?

(ಸದಸ್ಯ ಬೆಳೆಗಾರರ ಸಭೆಯಲ್ಲಿ ನಮ್ಮ ಕಾರ್ಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಬಿತ್ತನೆ ಕಬ್ಬು, ಸಾಲಿನ ಅಂತರ, ಹನಿ ನೀರಾವರಿ, ಕೂಳೆ ಬೆಳೆಯ ಆರೈಕೆ ಇವುಗಳ ಬಗ್ಗೆ ಮಾತನಾಡುವುದು ನನ್ನ ವಾಡಿಕೆ. ಇಂದಿನ ವಿಷಯ ಬೇರೆ. ನಮ್ಮ ಬೆಳೆಗಾರರ ಗುಂಪುಗಳ ಕೆಲವು ಮುಖ್ಯಸ್ಥರು ಇತ್ತೀಚೆಗೆ ನನ್ನನ್ನು ಕೇಳುತ್ತಿದ್ದಾರೆ: "ಸಾರ್, ಪತ್ರಿಕೆಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಹುಡುಕಿ, ನಮಗೆ ಬೇಕಾದ ಸುದ್ದಿ ಮಾತ್ರ ಆರಿಸಿ ಮೊಬೈಲಿಗೆ ಕಳುಹಿಸುವ ಸೇವೆ ಇದೆಯಂತೆ. ಗಿರಾಕಿಗಳ ಸುಳಿವು ಸಿಗುತ್ತದಂತೆ. ವರ್ಷಕ್ಕೆ ಇಂತಿಷ್ಟು ಚಂದಾ ಕೇಳುತ್ತಾರೆ. ಸೇರಬಹುದೇ?" ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಕಾರ್ಖಾನೆಗೆ ನೋಂದಾಯಿಸಿದ ಕಬ್ಬಿಗೆ ಗಿರಾಕಿ ಹುಡುಕುವ ಅಗತ್ಯವಿಲ್ಲ. ಅದು ಕಾರ್ಖಾನೆಗೇ ಬರಬೇಕು. ಅದಕ್ಕೆ ಕೇಂದ್ರ ಸರ್ಕಾರ ಬೆಲೆ ಗೊತ್ತುಪಡಿಸುತ್ತದೆ. 2025-26ರ ಹಂಗಾಮಿಗೆ ಶೇಕಡಾ 10.25 ಸಕ್ಕರೆ ಇಳುವರಿಯ ಮೇಲೆ ಕ್ವಿಂಟಾಲಿಗೆ 355 ರೂ. ನಿಗದಿಯಾಯಿತು. ಆದರೆ ನಮ್ಮ ಸದಸ್ಯರಲ್ಲಿ ಅನೇಕರು ಇದರ ಜೊತೆಗೆ ಅರ್ಧ ಎಕರೆ, ಒಂದು ಎಕರೆ ಕರಿಕಬ್ಬು ಬೆಳೆಯುತ್ತಾರೆ. ಮಹಿಳಾ ಗುಂಪುಗಳು ನೆರಳು ಪರದೆಯ ಕೆಳಗೆ ಒಂಟಿಕಣ್ಣಿನ ಕಬ್ಬಿನ ಸಸಿ ಬೆಳೆಸಿ ಮಾರುತ್ತಿವೆ. ಕೆಲವರ ಮನೆಯಲ್ಲಿ ಆಲೆಮನೆ ಇದೆ. ಈ ಮೂರಕ್ಕೂ ಬೆಲೆ ಗೊತ್ತುಮಾಡುವವರು ಯಾರೂ ಇಲ್ಲ. ಗಿರಾಕಿಯನ್ನು ನಾವೇ ಹುಡುಕಬೇಕು. ಸುದ್ದಿ ಬೇಕಾಗುವುದು ಇಲ್ಲಿ.

ಸುದ್ದಿ ಸಕಾಲಕ್ಕೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2023ರ ಪೊಂಗಲ್ ಹಬ್ಬವನ್ನು ನೆನಪಿಸಿಕೊಳ್ಳಿ. 2022ರ ಪೊಂಗಲ್ ಕೊಡುಗೆಯಲ್ಲಿ ಕಬ್ಬು ಇತ್ತು. ಮುಂದಿನ ವರ್ಷವೂ ಸರ್ಕಾರ ಕೊಳ್ಳುತ್ತದೆಂದು ನಂಬಿ ರೈತರು ಕರಿಕಬ್ಬು ಬೆಳೆದಿದ್ದರು. 2022ರ ಡಿಸೆಂಬರ್ 22ರಂದು ಪ್ರಕಟವಾದ ಕೊಡುಗೆಯಲ್ಲಿ 1,000 ರೂ. ನಗದು, 1 ಕಿಲೋ ಅಕ್ಕಿ, 1 ಕಿಲೋ ಸಕ್ಕರೆ ಮಾತ್ರ ಇದ್ದವು. ಕಬ್ಬಿನ ಹೆಸರೇ ಇರಲಿಲ್ಲ. ರೈತರು ಪ್ರತಿಭಟಿಸಿದರು. ಡಿಸೆಂಬರ್ 28ರಂದು ಮುಖ್ಯಮಂತ್ರಿಗಳು ಕಾರ್ಡಿಗೆ ಒಂದು ಇಡೀ ಕಬ್ಬನ್ನೂ ಸೇರಿಸುವುದಾಗಿ ಪ್ರಕಟಿಸಿದರು. ಸುಮಾರು 2.19 ಕೋಟಿ ಕಾರ್ಡುಗಳು. ಸಾಗಾಣಿಕೆ ವೆಚ್ಚವೂ ಸೇರಿ ಕಬ್ಬೊಂದಕ್ಕೆ ಗರಿಷ್ಠ 33 ರೂ.; ಕಬ್ಬು ಆರು ಅಡಿಗೆ ಕಡಿಮೆ ಇರಬಾರದು. ಜನವರಿ 9ರಿಂದ ಹಂಚಿಕೆ ನಡೆಯಿತು.

ಈ ಎರಡು ಪ್ರಕಟಣೆಗಳ ನಡುವೆ ಇದ್ದದ್ದು ಆರೇ ದಿನ. ನನಗೆ ಪರಿಚಯದ ಬೆಳೆಗಾರರೊಬ್ಬರು ಮೊದಲನೆಯ ಸುದ್ದಿಯನ್ನು ಚಹಾ ಅಂಗಡಿಯಲ್ಲಿ ಕೇಳಿ ಹೆದರಿ, ನಿಂತ ಬೆಳೆಯನ್ನು ಒಬ್ಬ ವ್ಯಾಪಾರಿಗೆ ಸಿಕ್ಕಿದ ಬೆಲೆಗೆ ಗುತ್ತಿಗೆ ಕೊಟ್ಟರು. ಎರಡನೆಯ ಸುದ್ದಿ ಅವರಿಗೆ ತಿಳಿದಾಗ ಹೊಲದಲ್ಲಿ ಕಟಾವು ನಡೆದಿತ್ತು. ಕಾದಿದ್ದರೆ ಅವರ ಕಬ್ಬನ್ನು ಸರ್ಕಾರ ಖಂಡಿತ ಕೊಳ್ಳುತ್ತಿತ್ತೆಂದು ನಾನು ಹೇಳಲಾರೆ. ಆದರೆ ಆ ದಿನಗಳಲ್ಲಿ ರೈತರ ಪ್ರತಿಭಟನೆಯ ವರದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಅವು ಕಣ್ಣಿಗೆ ಬಿದ್ದಿದ್ದರೆ ಎರಡು ದಿನ ತಡೆದು, ಅಧಿಕಾರಿಗಳನ್ನು ವಿಚಾರಿಸುತ್ತಿದ್ದರು. ಹತ್ತು ತಿಂಗಳ ದುಡಿಮೆಯ ಫಲ ಎರಡು ದಿನದಲ್ಲಿ ಕೈತಪ್ಪಿತು.

ಹಾಗಾದರೆ ಹಣ ಕೊಟ್ಟು ಸುದ್ದಿ ಸೇವೆಗೆ ಸೇರಿದರೆ ಸಾಕೇ? ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಸಸಿ ಬೆಳೆಸುವ ಒಂದು ಮಹಿಳಾ ಗುಂಪಿಗೆ ಇಂಥ ಸೇವೆಯನ್ನು ಕೊಡಿಸಿದವನು ನಾನೇ. ಪ್ರತಿನಿಧಿ ಬಂದು "ಸಾವಿರಾರು ಪತ್ರಿಕೆಗಳನ್ನು ನೋಡುತ್ತೇವೆ" ಎಂದಾಗ ನಾನು ಮರುಪ್ರಶ್ನೆ ಹಾಕಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಸುದ್ದಿ ಬಂದವು, ಎಲ್ಲವೂ ಇಂಗ್ಲಿಷಿನಲ್ಲಿ. ಲಂಡನ್ ಸಕ್ಕರೆ ಧಾರಣೆ, ಬ್ರೆಜಿಲ್ ದೇಶದ ಮಳೆ, ಸಕ್ಕರೆ ಕಂಪೆನಿಗಳ ಷೇರು. ಸಸಿ ಬೇಕೆಂದು ಕೇಳುವ ಸುದ್ದಿ ಒಂದೂ ಇಲ್ಲ. ಹದಿನೈದು ದಿನ ಕಳೆಯುವುದರೊಳಗೆ ಗುಂಪಿನ ಕಾರ್ಯದರ್ಶಿ ಅದನ್ನು ತೆರೆದು ನೋಡುವುದನ್ನೇ ಬಿಟ್ಟರು. ವರ್ಷದ ಚಂದಾ ಮೊದಲೇ ಕಟ್ಟಿಯಾಗಿತ್ತು. ಅದು ಆ ತಾಯಂದಿರು ಒಂದೊಂದು ಸಸಿ ಮಾರಿ ಕೂಡಿಸಿದ ಹಣ. ಅವರು ನನ್ನನ್ನು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಆ ಅನುಭವದಿಂದ ಕಲಿತದ್ದನ್ನು ತಮ್ಮ ಮುಂದೆ ಇಡುತ್ತೇನೆ. ಸೇವೆ ಎಷ್ಟು ಸುದ್ದಿ ಕಳುಹಿಸುತ್ತದೆ ಎಂಬುದು ಮುಖ್ಯವಲ್ಲ. ನಾವು ಏನಾದರೂ ಮಾಡಬಹುದಾದ ಸುದ್ದಿಯನ್ನು, ಮಾಡಲು ಸಮಯವಿರುವಾಗ, ನಮಗೆ ಓದಲು ಬರುವ ಭಾಷೆಯಲ್ಲಿ ಕೊಡುತ್ತದೆಯೇ ಎಂಬುದೇ ಮುಖ್ಯ. ಇದನ್ನು ತಿಳಿಯಲು ಐದು ಪ್ರಶ್ನೆಗಳನ್ನು ಕೇಳಿರಿ.

1. ನಮ್ಮ ಕಡೆಯ ಪತ್ರಿಕೆಗಳನ್ನು ನೋಡುತ್ತದೆಯೇ? ಮೇಟ್ಟೂರು, ಪೆನ್ನಾಗರಂ ಕಡೆ ನಮ್ಮ ಮನೆಮಾತು ಕನ್ನಡವಾದರೂ ಖರೀದಿಯ ಸುದ್ದಿ ಬರುವುದು ಹೆಚ್ಚಾಗಿ ತಮಿಳು ದಿನಪತ್ರಿಕೆಗಳ ಸೇಲಂ, ಧರ್ಮಪುರಿ ಪುಟಗಳಲ್ಲಿ. ಈ ಪುಟಗಳು ಸೇವೆಯ ಪಟ್ಟಿಯಲ್ಲಿ ಇವೆಯೇ ಎಂದು ಬರವಣಿಗೆಯಲ್ಲಿ ಕೇಳಿರಿ. ಅಚ್ಚಿನಲ್ಲಿ ಮಾತ್ರ ಬಂದು ಇಂಟರ್‌ನೆಟ್‌ಗೆ ಬಾರದ ಸುದ್ದಿಯನ್ನು ಇಂಟರ್‌ನೆಟ್‌ನಲ್ಲಿ ಮಾತ್ರ ಹುಡುಕುವ ಸೇವೆ ತರಲಾರದು. ಆದ್ದರಿಂದ ಮನೆಗೆ ಬರುವ ಪತ್ರಿಕೆಯನ್ನು ನಿಲ್ಲಿಸಬೇಡಿ.

2. ಹಳೆಯ ಸುದ್ದಿಯ ಮೇಲೆ ಪರೀಕ್ಷೆ ಕೊಡುತ್ತದೆಯೇ? ಇದು ಎಲ್ಲಕ್ಕಿಂತ ಮುಖ್ಯ. "2022ರ ಡಿಸೆಂಬರ್ 22ರಿಂದ 28ರವರೆಗೆ ಪೊಂಗಲ್ ಕಬ್ಬಿನ ಬಗ್ಗೆ ನಿಮ್ಮ ಸೇವೆ ಏನೇನು ಹಿಡಿದುಕೊಡುತ್ತಿತ್ತು, ಯಾವ ದಿನ, ತೋರಿಸಿ" ಎಂದು ಕೇಳಿರಿ. ಎತ್ತು ಕೊಳ್ಳುವ ಮೊದಲು ನೊಗಕ್ಕೆ ಕಟ್ಟಿ ನೋಡುವಂತೆ ಇದು. ತೋರಿಸಲಾರದ ಸೇವೆಗೆ ಹಣ ಕೊಡಬೇಡಿ.

3. ಹುಡುಕುವ ಪದಗಳನ್ನು ನಾವೇ ಬದಲಾಯಿಸಬಹುದೇ? ಕಂಪ್ಯೂಟರಿಗೆ ಪದ ಗೊತ್ತು, ನಮ್ಮ ಅಗತ್ಯ ಗೊತ್ತಿಲ್ಲ. ತಮಿಳಿನಲ್ಲಿ 'ವೆಲ್ಲಂ' ಎಂದರೆ ಬೆಲ್ಲ, 'ವೆಳ್ಳಂ' ಎಂದರೆ ನೆರೆ. ಒಂದಕ್ಷರ ತಪ್ಪಿದರೆ ಬೆಲ್ಲದ ಬದಲು ಪ್ರವಾಹದ ಸುದ್ದಿ ಬಂದೀತು. 2019 ಮತ್ತು 2021ರ ಚುನಾವಣೆಗಳಲ್ಲಿ ಒಂದು ಪಕ್ಷಕ್ಕೆ ಕಬ್ಬು ಬೆಳೆಗಾರನ ಚಿಹ್ನೆ ಇತ್ತು. ಬರೀ 'ಕರುಂಬು ವಿವಸಾಯಿ' ಎಂದು ಕೊಟ್ಟವರಿಗೆ ಆಗ ರಾಜಕೀಯವೇ ಬರುವಂತಿತ್ತು. 'ಕಬ್ಬು' ಎಂಬುದರ ಜೊತೆಗೆ 'ಖರೀದಿ', 'ಟೆಂಡರ್', 'ಪೊಂಗಲ್', ಊರಿನ ಹೆಸರು ಇವುಗಳನ್ನು ಸೇರಿಸಬೇಕು. ಹಂಗಾಮಿಗೆ ತಕ್ಕಂತೆ ಪದಗಳೂ ಬದಲಾಗಬೇಕು.

4. ತಿಂಗಳ ಮಟ್ಟಿಗೆ ಸೇರಿ ನೋಡಬಹುದೇ? ಬೇಡವೆಂದಾಗ ಬಿಡಬಹುದೇ? ವರ್ಷದ ಹಣವನ್ನು ಮುಂಗಡ ಕಟ್ಟಬೇಡಿ. ಕೊಟ್ಟ ಹಣವನ್ನು, ಬಂದ ಸುದ್ದಿಗಳ ಸಂಖ್ಯೆಯಿಂದಲ್ಲ, ನಿಜವಾಗಿ ಮಾತುಕತೆ ನಡೆದ ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿರಿ. ಆಗ ಸೇವೆ ಅಗ್ಗವೋ ದುಬಾರಿಯೋ ತಿಳಿಯುತ್ತದೆ.

5. ಓದುವವರು ಯಾರು? ಇದು ನಮಗೆ ನಾವೇ ಕೇಳಿಕೊಳ್ಳುವ ಪ್ರಶ್ನೆ. ಪ್ರತಿ ಬೆಳಿಗ್ಗೆ ಹದಿನೈದು ನಿಮಿಷ ಕೂತು ಓದಿ, ಒಂದು ನೋಟು ಪುಸ್ತಕದಲ್ಲಿ ತಾರೀಖು, ಸುದ್ದಿ, ಯಾರಿಗೆ ಫೋನ್ ಮಾಡಿದೆವು, ಫಲವೇನು ಎಂದು ಬರೆದಿಡುವ ಒಬ್ಬರನ್ನು ಗುಂಪು ನೇಮಿಸದಿದ್ದರೆ ಯಾವ ಸೇವೆಯೂ ದಂಡ.

ಹಣ ಕೊಡುವ ಮೊದಲು ಹಣ ಬೇಡದ ದಾರಿಗಳನ್ನು ಒಂದು ಹಂಗಾಮು ಬಳಸಿ ನೋಡಿರಿ. ಗೂಗಲ್ ಅಲರ್ಟ್ಸ್ ಎಂಬುದು 2003ರಿಂದ ಇರುವ ಉಚಿತ ಸೇವೆ. ಪದಗಳನ್ನೂ ಭಾಷೆಯನ್ನೂ ಗೊತ್ತುಮಾಡಿದರೆ, ಆ ಪದಗಳಿರುವ ಹೊಸ ಸುದ್ದಿ ಕಂಡಾಗ ಇಮೇಲ್ ಬರುತ್ತದೆ. ದಿನಕ್ಕೊಮ್ಮೆ ಸಾಕೆಂದರೆ ಹಾಗೂ ಮಾಡಬಹುದು. ಅದು ಎಲ್ಲವನ್ನೂ ಹಿಡಿಯುವುದಿಲ್ಲ, ಆದರೆ ಯಾವ ಪದ ನಮಗೆ ಉಪಯುಕ್ತ ಎಂದು ಕಲಿಸುತ್ತದೆ. ತಮಿಳುನಾಡು ಸರ್ಕಾರದ ಉಳವನ್ ಆ್ಯಪ್ 2018ರಿಂದ ಇದೆ. ಅದರಲ್ಲಿ ಮಾರುಕಟ್ಟೆ ಧಾರಣೆ ನೋಡಬಹುದು. ಸರ್ಕಾರಿ ಖರೀದಿಯ ಟೆಂಡರ್‌ಗಳನ್ನು ರಾಜ್ಯದ ಟೆಂಡರ್ ಜಾಲತಾಣದಲ್ಲೂ, 2016ರಲ್ಲಿ ಆರಂಭವಾದ ಕೇಂದ್ರದ ಜೆಮ್ ತಾಣದಲ್ಲೂ ನೋಡಬಹುದು. ನಾನು ಹೇಳಿದ ಆ ಮಹಿಳಾ ಗುಂಪು ಈಗ ಉಚಿತ ದಾರಿಯಲ್ಲೇ ಇದೆ. ಕಳೆದ ಹಂಗಾಮಿನಲ್ಲಿ ಅವರಿಗೆ ಸಸಿಯ ಗಿರಾಕಿಯೊಬ್ಬರು ಸಿಕ್ಕಿದರು. ಒಬ್ಬರೇ, ಆದರೆ ನಿಜವಾದ ಗಿರಾಕಿ.

ಬೆಲೆಯ ಸುದ್ದಿ ಬೇರೆ, ಖರೀದಿಯ ಸುದ್ದಿ ಬೇರೆ ಎಂಬುದನ್ನೂ ಮರೆಯಬೇಡಿ. ಬೆಲ್ಲಕ್ಕೆ ಇಂದು ಇಷ್ಟು ಧಾರಣೆ ಎಂಬುದು ಬೆಲೆಯ ಸುದ್ದಿ. ಪಳನಿ ದೇವಸ್ಥಾನ ಪಂಚಾಮೃತಕ್ಕಾಗಿ ಈರೋಡ್ ಜಿಲ್ಲೆಯ ಕವುಂದಪ್ಪಾಡಿ ನಿಯಂತ್ರಿತ ಮಾರುಕಟ್ಟೆಯಲ್ಲಿ ಬೆಲ್ಲದ ಪುಡಿ ಕೊಳ್ಳುತ್ತದೆ ಎಂಬುದು ಖರೀದಿಯ ಸುದ್ದಿ. ಇದು ಕೊಳ್ಳುವವರು ಯಾರು, ಎಲ್ಲಿ, ಏತಕ್ಕೆ ಎಂದು ತಿಳಿಸುತ್ತದೆ. ಯಾವ ಗುಣಮಟ್ಟದ ಸರಕು ಬೇಕೆಂದು ಅಲ್ಲಿಗೇ ಹೋಗಿ ವಿಚಾರಿಸಬಹುದು. ಗುಂಪಿನ ಹಣ ಖರ್ಚಾಗುವುದಾದರೆ ಈ ಎರಡನೆಯ ಬಗೆಯ ಸುದ್ದಿಗೇ ಆಗಲಿ.

ಕೊನೆಯ ಮಾತು. ಎಷ್ಟು ಒಳ್ಳೆಯ ಸೇವೆಯಾದರೂ ಅದು ಕೊಡುವುದು ಸುಳಿವು ಮಾತ್ರ. ಸುದ್ದಿ ಕೇಳಿ ಕತ್ತಿ ಹಿಡಿಯಬೇಡಿ. ವಾಟ್ಸಾಪಿನಲ್ಲಿ ಯಾರೋ ಮುಂದೆ ತಳ್ಳಿದ ಮಾತನ್ನು ಸುದ್ದಿ ಎಂದು ತಿಳಿಯಬೇಡಿ. ಸಹಕಾರ ಇಲಾಖೆಯನ್ನೋ, ಕೃಷಿ ಇಲಾಖೆಯನ್ನೋ, ನಮ್ಮ ವಿಭಾಗದ ಕಚೇರಿಯನ್ನೋ ವಿಚಾರಿಸಿ, ಖರೀದಿ ನಿಜವೆಂದು ತಿಳಿದ ಮೇಲೆಯೇ ಕಟಾವಿಗೆ ಆಳು ಕರೆಯಿರಿ. ಯಾವುದಾದರೂ ಸೇವೆಯವರು ತಮ್ಮ ಬಳಿಗೆ ಬಂದರೆ, ಹಣ ಕಟ್ಟುವ ಮುನ್ನ ಅವರ ಕಾಗದಪತ್ರಗಳನ್ನು ನನ್ನ ಕಚೇರಿಗೆ ತನ್ನಿ. ಈ ಐದು ಪ್ರಶ್ನೆಗಳನ್ನು ಅವರ ಎದುರಿಗೇ ಕೂಡಿ ಕೇಳೋಣ. ಹಿಂದೆ ನಾನು ಕೇಳದೆ ಬಿಟ್ಟದ್ದನ್ನು ಈ ಸಲ ಬಿಡುವುದಿಲ್ಲ.