ವಿಕಲಚೇತನರ ವೈದ್ಯಕೀಯ ತಪಾಸಣೆಯಲ್ಲಿ ಸಮಂಜಸ ಹೊಂದಾಣಿಕೆ: ಗ್ರಾಮ ಪಂಚಾಯತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಾಠ)



ವಿಕಲಚೇತನರ ಮಾಸಾಶನ, ಬಸ್ ಪಾಸು, ಉದ್ಯೋಗ ಮೀಸಲಾತಿ ಮುಂತಾದ ಸೌಲಭ್ಯಗಳೆಲ್ಲ ಒಂದೇ ಬಾಗಿಲಿನ ಮೂಲಕ ಹಾದುಬರುತ್ತವೆ. ಆ ಬಾಗಿಲು ವೈದ್ಯಕೀಯ ತಪಾಸಣೆ. ಅಲ್ಲಿ ದಾಖಲಾಗುವ ಪ್ರಮಾಣ ಶೇಕಡಾ 40 ಮುಟ್ಟಿದರೆ ಒಂದು ಕುಟುಂಬದ ಬದುಕು ಒಂದು ಬಗೆ. 38ಕ್ಕೆ ನಿಂತರೆ ಇನ್ನೊಂದು ಬಗೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ತಪಾಸಣೆಯ ಫಲವನ್ನು ಆ ವ್ಯಕ್ತಿ ವರ್ಷಗಟ್ಟಲೆ ಅನುಭವಿಸಬೇಕಾಗುತ್ತದೆ. ಆದಕಾರಣ ತಪಾಸಣೆ ಯಾವ ಪರಿಸ್ಥಿತಿಯಲ್ಲಿ ನಡೆಯುತ್ತದೆ ಎಂಬುದು ಅಲಕ್ಷಿಸತಕ್ಕ ಸಂಗತಿಯಲ್ಲ.

ರಸ್ತೆ ಅಥವಾ ಚರಂಡಿಯ ಕಾಮಗಾರಿಗೆ ಮುನ್ನ ನೆಲದ ಮಟ್ಟ ಅಳೆಯುವುದನ್ನು ಸದಸ್ಯರೆಲ್ಲರೂ ಕಂಡಿದ್ದಾರೆ. ಮಟ್ಟದ ಯಂತ್ರವನ್ನು ಮೊದಲು ಸಮತಲಕ್ಕೆ ತಂದು ನಿಲ್ಲಿಸದಿದ್ದರೆ, ಅಳತೆಗೋಲು ಎಷ್ಟೇ ನಿಖರವಾಗಿದ್ದರೂ ಓದು ತಪ್ಪುತ್ತದೆ. ತಪಾಸಣೆಯ ಮಾತೂ ಇದೇ. ಆಟಿಸಂ ಇರುವ ಬಾಲಕನೊಬ್ಬನನ್ನು ಜನಜಂಗುಳಿಯ ಪಡಸಾಲೆಯಲ್ಲಿ ನಾಲ್ಕು ಗಂಟೆ ಕೂರಿಸಿ ಆಮೇಲೆ ಪರೀಕ್ಷಿಸಿದರೆ, ಅಳೆಯಲ್ಪಡುವುದು ಅವನ ಸ್ಥಿತಿಯೋ ಪಡಸಾಲೆಯ ಗದ್ದಲವೋ ಹೇಳುವುದು ಕಷ್ಟ. ಮಾನಸಿಕ ಅಸ್ವಸ್ಥತೆಯುಳ್ಳ ಮಹಿಳೆಯೊಬ್ಬರು ಔಷಧದ ಬಲದಿಂದ ಆ ದಿನ ಶಾಂತವಾಗಿ ಉತ್ತರಿಸಿದರೆ, ತಿಂಗಳ ಉಳಿದ ದಿನಗಳು ಕಾಗದದ ಮೇಲೆ ಬಾರದೆಯೇ ಹೋಗುತ್ತವೆ. ಕಿವಿ ಕೇಳದವರ ಮುಂದೆ ಸಂಜ್ಞಾಭಾಷೆ ಬಲ್ಲವರಿಲ್ಲದಿದ್ದರೆ, ಪ್ರಶ್ನೆಯೇ ತಲುಪದೆ ಉತ್ತರ ಮಾತ್ರ ದಾಖಲಾಗುತ್ತದೆ.

ಈ ಕೊರತೆಯನ್ನು ನೀಗಿಸುವುದಕ್ಕೆ ಕಾನೂನಿನಲ್ಲಿ ಒಂದು ಹೆಸರಿದೆ: ಸಮಂಜಸ ಹೊಂದಾಣಿಕೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸಲಾದ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಏರಿಸಿತು. ವಿಕಲಚೇತನರು ಇತರರೊಡನೆ ಸಮಾನವಾಗಿ ಹಕ್ಕುಗಳನ್ನು ಚಲಾಯಿಸಲು ಅವಶ್ಯವಾದ, ಆದರೆ ಮಿತಿಮೀರಿದ ಹೊರೆಯಾಗದ ಮಾರ್ಪಾಡುಗಳೇ ಸಮಂಜಸ ಹೊಂದಾಣಿಕೆ ಎಂದು ಅಧಿನಿಯಮವು ಅರ್ಥ ನಿರೂಪಿಸಿದೆ. ಅದನ್ನು ಖಾತ್ರಿಪಡಿಸಲು ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು 3ನೆಯ ಪ್ರಕರಣವೂ, ಆಸ್ಪತ್ರೆಗಳಲ್ಲಿ ಅಡೆತಡೆರಹಿತ ಪ್ರವೇಶ ಹಾಗೂ ಆದ್ಯತೆಯ ಸೇವೆ ದೊರೆಯಬೇಕೆಂದು 25ನೆಯ ಪ್ರಕರಣವೂ ಹೇಳುತ್ತವೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಹೊಂದಾಣಿಕೆಯನ್ನು ಆಯಾ ವ್ಯಕ್ತಿಯ ಅಗತ್ಯವನ್ನು ನೋಡಿ ನಿರ್ಧರಿಸಬೇಕೆಂದೂ, ಶೇಕಡಾ 40ರ ವೈಕಲ್ಯ ಇಲ್ಲವೆಂಬ ಒಂದೇ ಕಾರಣಕ್ಕೆ ನಿರಾಕರಿಸಲಾಗದೆಂದೂ ಸ್ಪಷ್ಟಪಡಿಸಿತು. ಪ್ರಮಾಣವೇ ಇನ್ನೂ ನಿಗದಿಯಾಗದ ತಪಾಸಣೆಯ ಹಂತದಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ.

ಹೊಂದಾಣಿಕೆ ಎಂದರೆ ರಿಯಾಯಿತಿಯಲ್ಲ. ಶೇಕಡಾವಾರು ಹೆಚ್ಚಿಸಿಕೊಡಿ ಎಂದು ವೈದ್ಯರನ್ನು ಒತ್ತಾಯಿಸುವುದು ಹೊಂದಾಣಿಕೆಯೂ ಅಲ್ಲ, ಸದಸ್ಯರಿಗೆ ಶೋಭಿಸುವ ಕಾರ್ಯವೂ ಅಲ್ಲ. ಅಳತೆಯ ಮಾನದಂಡ ಎಲ್ಲರಿಗೂ ಒಂದೇ. ಅಳೆಯುವ ಸ್ಥಳ, ಸಮಯ, ಭಾಷೆ ಮತ್ತು ಕ್ರಮ ಇವುಗಳನ್ನಷ್ಟೇ ವ್ಯಕ್ತಿಗೆ ತಕ್ಕಂತೆ ಹೊಂದಿಸಬೇಕೆಂಬುದು ಬೇಡಿಕೆ.

ಹಾಗಾದರೆ ಏನೇನನ್ನು ಕೇಳಬಹುದು?

1. ಸ್ಥಳ: ನೆಲಮಹಡಿಯಲ್ಲಿ ತಪಾಸಣೆ, ಗಾಲಿಕುರ್ಚಿ, ಇಳಿಜಾರು ಹಾದಿ. ಹಾಸಿಗೆ ಬಿಟ್ಟು ಏಳಲಾಗದವರಿಗೆ ಸಮೀಪದ ಶಿಬಿರದಲ್ಲಿ ಅಥವಾ ಮನೆಯಲ್ಲಿ ತಪಾಸಣೆ ನಡೆಸುವಂತೆ ಕೋರಿಕೆ.

2. ಸಮಯ: ಮೊದಲ ಸರದಿ, ನಡುವೆ ವಿರಾಮ, ದೀರ್ಘ ಪರೀಕ್ಷೆಯನ್ನು ಎರಡು ದಿನಗಳಿಗೆ ಹಂಚುವುದು. ಕಾದು ಕುಳಿತರೆ ಕಳವಳಗೊಳ್ಳುವ ಮಕ್ಕಳಿಗೆ ನಿಶ್ಶಬ್ದವಾದ ಕೋಣೆ.

3. ಭಾಷೆ: ಸಂಜ್ಞಾಭಾಷೆಯ ದುಭಾಷಿ, ಬರಹದಲ್ಲಿ ಪ್ರಶ್ನೆ, ನಿಧಾನವಾಗಿ ಮಾತನಾಡುವವರಿಗೆ ಹೆಚ್ಚಿನ ಅವಕಾಶ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ಲಂಬಾಣಿ ಆಡುವವರಿಗೆ ಆ ಭಾಷೆ ಬಲ್ಲವರ ನೆರವು.

4. ಜೊತೆಗಾರರು: ಆರೈಕೆ ಮಾಡುವವರು ಕೊಠಡಿಯೊಳಗೆ ಇರಲು ಅನುಮತಿ, ಮಹಿಳೆಯರಿಗೆ ಮಹಿಳಾ ವೈದ್ಯರು ಅಥವಾ ಮಹಿಳಾ ಸಿಬ್ಬಂದಿಯ ಉಪಸ್ಥಿತಿ.

5. ದಾಖಲೆ: ಏರಿಳಿತವಿರುವ ಕಾಯಿಲೆಗಳಲ್ಲಿ ಆ ದಿನದ ನೋಟದೊಂದಿಗೆ ಹಿಂದಿನ ಚಿಕಿತ್ಸಾ ಪತ್ರಗಳನ್ನೂ ಪರಿಗಣಿಸುವಂತೆ ಕೋರಿಕೆ.

ನಾಲ್ಕನೆಯ ಮತ್ತು ಐದನೆಯ ಅಂಶಗಳನ್ನು ತುಸು ವಿವರಿಸುವುದು ಅಗತ್ಯ. ಮಾನಸಿಕ ಅಸ್ವಸ್ಥತೆಯನ್ನು ಅಳೆಯುವ ಐಡಿಯಾಸ್ ಮಾಪಕವು ಸ್ವಂತ ಆರೈಕೆ, ಇತರರೊಡನೆ ಒಡನಾಟ, ಸಂವಹನ ಹಾಗೂ ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳನ್ನು ನೋಡುತ್ತದೆ. ಕಾಯಿಲೆಯ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆಟಿಸಂಗೆ ಬಳಸುವ ಇಸಾ ಮಾಪಕದಲ್ಲಿ 40 ಅಂಶಗಳಿವೆ. ವ್ಯಕ್ತಿ ಸ್ವತಃ ಸ್ನಾನ ಮಾಡುವನೇ, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಹಾಕಿ ತರುವನೇ ಎಂಬಂತಹ ಸಂಗತಿಗಳು ಪರೀಕ್ಷಾ ಕೊಠಡಿಯಲ್ಲಿ ಕಾಣುವಂಥವಲ್ಲ, ಮನೆಯವರು ಹೇಳಬೇಕಾದವು. ಹೀಗಿರುವಾಗ ತಾಯಿಯನ್ನು ಬಾಗಿಲಾಚೆ ನಿಲ್ಲಿಸಿದರೆ ಮಾಪಕಕ್ಕೆ ಬೇಕಾದ ಮಾಹಿತಿಯೇ ದೊರೆಯುವುದಿಲ್ಲ. ಶಾಲಾ ಶಿಕ್ಷಕರ ಅಥವಾ ಅಂಗನವಾಡಿ ಕಾರ್ಯಕರ್ತೆಯ ಒಂದು ಪುಟದ ಟಿಪ್ಪಣಿ, ಆಶಾ ಕಾರ್ಯಕರ್ತೆ ಬಲ್ಲ ವಿವರಗಳು ಇಲ್ಲಿ ಉಪಯುಕ್ತ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಚಿಕಿತ್ಸೆ ಪಡೆದಿದ್ದರೆ ಆ ಪತ್ರಗಳನ್ನು ತಪ್ಪದೆ ಒಯ್ಯಬೇಕು.

ಕೋರಿಕೆಯನ್ನು ತಪಾಸಣೆಯ ದಿನ ಬಾಗಿಲಲ್ಲಿ ನಿಂತು ಮಾಡುವುದಕ್ಕಿಂತ ಮುಂಚಿತವಾಗಿ ಲಿಖಿತದಲ್ಲಿ ಸಲ್ಲಿಸುವುದು ಮೇಲು. ಯುಡಿಐಡಿ ಜಾಲತಾಣದಲ್ಲಿ ಅರ್ಜಿ ನೋಂದಾಯಿಸಿದೊಡನೆ ಸಂಬಂಧಿಸಿದ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಒಂದು ಪುಟದ ಪತ್ರ ಸಾಕು. ಅರ್ಜಿದಾರರ ಹೆಸರು, ನೋಂದಣಿ ಸಂಖ್ಯೆ, ವೈಕಲ್ಯದ ಸ್ವರೂಪ, ಎದುರಾಗುವ ಅಡಚಣೆ, ಕೋರುವ ಹೊಂದಾಣಿಕೆ ಇಷ್ಟು ಅದರಲ್ಲಿರಬೇಕು. "ಸೂಕ್ತ ಸೌಲಭ್ಯ ಒದಗಿಸಿ" ಎಂಬ ಸಾಮಾನ್ಯ ವಾಕ್ಯದಿಂದ ಪ್ರಯೋಜನವಿಲ್ಲ. "ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗುವುದಿಲ್ಲವಾದ ಕಾರಣ ಮೊದಲ ಸರದಿಯಲ್ಲಿ ಕರೆಯಬೇಕು" ಎಂದು ಬರೆದರೆ ಸಿಬ್ಬಂದಿಗೂ ಏರ್ಪಾಡು ಸುಲಭ. ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಪಡೆಯಬೇಕು. ಅರ್ಜಿದಾರರು ಅಪ್ರಾಪ್ತರಾಗಿದ್ದರೆ ಅಥವಾ ಸ್ವತಃ ಅರ್ಜಿ ಸಲ್ಲಿಸಲು ಅಶಕ್ತರಾಗಿದ್ದರೆ ಕಾನೂನುಬದ್ಧ ಪಾಲಕರು ಅವರ ಪರವಾಗಿ ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ.

ಕೋರಿಕೆ ತಿರಸ್ಕೃತವಾದರೆ ಕಾರಣವನ್ನು ಲಿಖಿತದಲ್ಲಿ ಕೇಳಬೇಕು. ಪ್ರಮಾಣಪತ್ರ ನಿರಾಕರಿಸುವಾಗಲೂ ಕಾರಣ ತಿಳಿಸಬೇಕಾದುದು ಪ್ರಾಧಿಕಾರದ ಕರ್ತವ್ಯ. ಪ್ರಮಾಣೀಕರಣದ ನಿರ್ಣಯದ ವಿರುದ್ಧ ಅಧಿನಿಯಮದ 59ನೆಯ ಪ್ರಕರಣದಡಿ ಮೇಲ್ಮನವಿಗೂ, ಹಕ್ಕಿನ ಉಲ್ಲಂಘನೆಯ ಕುರಿತು ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸುವುದಕ್ಕೂ ದಾರಿಯಿದೆ. ಸ್ವೀಕೃತಿಯುಳ್ಳ ಪ್ರತಿ ಇದ್ದರೆ ಈ ದಾರಿಗಳು ಸುಗಮವಾಗುತ್ತವೆ.

ಗ್ರಾಮ ಪಂಚಾಯತಿಯ ಪಾಲು ಚಿಕ್ಕದಾದರೂ ನಿರ್ಣಾಯಕ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ತಪಾಸಣೆಗೆ ಹೋಗಬೇಕಾದವರ ಪಟ್ಟಿ ಸಿದ್ಧಪಡಿಸಿ, ಪ್ರತಿಯೊಬ್ಬರ ಹೆಸರಿನ ಮುಂದೆ ಬೇಕಾದ ಹೊಂದಾಣಿಕೆಯನ್ನು ನಮೂದಿಸಬಹುದು. ಒಂದೇ ದಿನ ಹೋಗುವವರಿಗೆ ಒಟ್ಟಾಗಿ ವಾಹನ ಗೊತ್ತುಮಾಡಿ, ವಿಕಲಚೇತನರಿಗೆ ಮೀಸಲಾದ ಶೇಕಡಾ 5ರ ಅನುದಾನದಲ್ಲಿ ಅದರ ವೆಚ್ಚ ಭರಿಸುವುದು ನಿಯಮಾನುಸಾರ ಸಾಧ್ಯವೇ ಎಂದು ಸಾಮಾನ್ಯ ಸಭೆಯಲ್ಲಿ ಪರಿಶೀಲಿಸಬಹುದು. ಒಂದು ಎಚ್ಚರಿಕೆ ಅವಶ್ಯ: ಕಾಯಿಲೆಯ ವಿವರವುಳ್ಳ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಲೂ ಬಾರದು, ಸೂಚನಾ ಫಲಕಕ್ಕೆ ಅಂಟಿಸಲೂ ಬಾರದು. ಊರ ಬಾಯಿಗೆ ಬೀಳುವ ಭಯದಿಂದಲೇ ಅರ್ಜಿ ಹಾಕದೆ ಉಳಿದ ಮನೆಗಳಿವೆ.

ಅತ್ತ ಮಗುವಿಗೆ ಹಾಲು ಎಂಬುದು ಲೋಕರೂಢಿ. ಅಳಲಾರದವರ ಪರವಾಗಿ ಕೇಳುವುದಕ್ಕೆಂದೇ ವಾರ್ಡಿನ ಪ್ರತಿನಿಧಿಗಳನ್ನು ಜನ ಆರಿಸಿದ್ದಾರೆ. ಮುಂದಿನ ತಪಾಸಣಾ ಶಿಬಿರದ ದಿನಾಂಕ ಪ್ರಕಟವಾಗುವುದರೊಳಗೆ ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಪಟ್ಟಿಯನ್ನು ಪೂರ್ಣಗೊಳಿಸಿ, ಅಗತ್ಯವಿರುವವರ ಪತ್ರಗಳು ಆಸ್ಪತ್ರೆಗೆ ತಲುಪುವಂತೆ ನೋಡಿಕೊಳ್ಳಬೇಕೆಂದು ವಿನಂತಿ.