ಪಾಠದ ಪಂಕ್ತಿಯಲ್ಲಿ ಭೇದವಿರಬಾರದು



ದಾಸೋಹದಲ್ಲಿ ಪಂಕ್ತಿಭೇದ ಮಾಡಬಾರದೆಂಬುದನ್ನು ನಾವೆಲ್ಲರೂ ಬಲ್ಲೆವು. ಉಳ್ಳವನಿಗೆ ಪಾಯಸ, ಇಲ್ಲದವನಿಗೆ ಬರಿಯ ಸಾರು ಬಡಿಸಿದರೆ ಅದು ದಾಸೋಹವಾಗುವುದಿಲ್ಲ. ಆದರೆ ಹಲ್ಲು ಬಾರದ ಕೂಸಿಗೆ ತಾಯಿ ಅದೇ ಅನ್ನವನ್ನು ಮಿದ್ದು ಉಣಿಸುತ್ತಾಳೆ. ಅದು ಭೇದವೇ? ಅಲ್ಲ. ಅಡುಗೆ ಒಂದೇ, ಉಣಿಸುವ ರೀತಿ ಬೇರೆ. ಪ್ರಾಥಮಿಕ ಶಾಲೆಯ ಪಠ್ಯಕ್ರಮ ಹೇಗಿರಬೇಕೆಂದು ಕೇಳುವವರಿಗೆ ಇದೇ ಉತ್ತರ.

ನಮ್ಮ ಸೀಮೆಯ ತರಗತಿಯನ್ನು ನೆನೆಯಿರಿ. ಕಬ್ಬು ಬೆಳೆಯುವವರ ಮಗು, ಕಬ್ಬು ಕಡಿಯುವವರ ಮಗು, ಮಗ್ಗದ ಮನೆಯ ಮಗು ಒಂದೇ ಸಾಲಿನಲ್ಲಿ ಕೂರುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಮಗು ಮನೆಯಲ್ಲಿ ತನ್ನ ನುಡಿಯಾಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕೇಳುತ್ತದೆ. ಕೂಲಿ ಅರಸಿ ಹೋದ ತಂದೆತಾಯಿಯ ಜೊತೆ ಹೊರಟ ಮಗು ಎರಡು ತಿಂಗಳ ಮೇಲೆ ಮರಳುತ್ತದೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಅದು ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತು, ಒಂದು ದಿನ ಬರುವುದನ್ನೇ ಬಿಡುತ್ತದೆ. 'ಅದಕ್ಕೆ ವಿದ್ಯೆ ಹತ್ತಲಿಲ್ಲ' ಎನ್ನುತ್ತೇವೆ. ವಿದ್ಯೆ ಹತ್ತಲಿಲ್ಲವೋ, ಹತ್ತುವುದಕ್ಕೆ ಮೆಟ್ಟಿಲೇ ಇರಲಿಲ್ಲವೋ?

ಆ ಮೆಟ್ಟಿಲು ಕಟ್ಟಿದವರು ದೂರದವರಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ಕಂಡು ಬಂದರು. ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಹುಟ್ಟಿತು. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿ, ಗೋಡೆಯ ಮೇಲೆ ಕಲಿಕಾ ಏಣಿ ಬರೆದರು. ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಊರು ಬಿಟ್ಟು ಹೋದ ಮಗು ಮರಳಿದಾಗ, ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಹಬ್ಬಿತು. ಮಗು ಭಯವಿಲ್ಲದೆ, ಚಟುವಟಿಕೆಯ ಮೂಲಕ, ಆದಷ್ಟೂ ತಾಯ್ನುಡಿಯಲ್ಲಿ ಕಲಿಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹೇಳಿತು.

ಆದರೆ ಒಂದು ಎಚ್ಚರ ಬೇಕು. ಏಣಿ ಇಟ್ಟರೆ ಸಾಲದು, ಅದು ಅಟ್ಟವನ್ನು ಮುಟ್ಟಬೇಕು. 'ಬಡವರ ಮಕ್ಕಳು, ಅಕ್ಷರ ಬಂದರೆ ಸಾಕು, ಕೂಡಿ ಕಳೆಯಲು ಬಂದರೆ ಸಾಕು' ಎಂಬ ಮಾತನ್ನು ಕರುಣೆಯೆಂದು ತಿಳಿಯಬೇಡಿ. ಅದು ನಯವಾದ ಪಂಕ್ತಿಭೇದ.

ಕಬ್ಬಿನ ತೂಕದ ಚೀಟಿಯನ್ನೇ ತೆಗೆದುಕೊಳ್ಳಿ. ಎರಡನೆಯ ತರಗತಿಯ ಮಗು ಅದರ ಅಂಕಿಗಳನ್ನು ಓದಲಿ. ನಾಲ್ಕನೆಯದರಲ್ಲಿ ಗಾಡಿಯ ತೂಕ ಕಳೆದು ಕಬ್ಬಿನ ತೂಕ ತೆಗೆಯಲಿ. ಕೇಂದ್ರ ಸರ್ಕಾರ ಕಬ್ಬಿಗೆ ದರ ಕಟ್ಟುವಾಗ ಸಕ್ಕರೆಯ ಇಳುವರಿಯನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತದೆ. ಮೇಲಿನ ತರಗತಿಗೆ ಬಂದಾಗ ಆ ಲೆಕ್ಕವನ್ನೂ ಮಾಡಲಿ, 'ಈ ದರ ಹೇಗೆ ಬಂತು?' ಎಂದು ಕೇಳಲಿ. ಚೀಟಿ ಒಂದೇ. ಬೆಳೆದವನ ಮಗುವೂ ಕಡಿದವನ ಮಗುವೂ ಒಟ್ಟಿಗೆ ಕೂತು ಕೇಳುವ ಪ್ರಶ್ನೆ ಅದು. ಊರಿನ ಬದುಕಿನಿಂದ ಹೊರಟ ಪಾಠ ಊರಿನಲ್ಲೇ ನಿಲ್ಲಬೇಕಾಗಿಲ್ಲ, ಲೋಕವನ್ನು ಮುಟ್ಟಬಹುದು.

ಇದು ಆಗದ ಮಾತೆನ್ನಬೇಡಿ. ಅದೇ ಬೆಟ್ಟದ ಸೋಲಿಗ ಸಮುದಾಯದ ಸಿ. ಮಾದೇಗೌಡರು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದಿದ್ದಾರೆ. ಕಾಡಿನ ಅರಿವಿಗೆ ಪಾಠದಲ್ಲಿ ಮಾನ್ಯತೆ ಸಿಕ್ಕರೆ, ಜೇನನ್ನೂ ಮರವನ್ನೂ ಬಲ್ಲ ಮಗು ವಿಜ್ಞಾನದ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಏಕೆ ಕೂರುತ್ತದೆ?

ಆದ್ದರಿಂದ ತಂದೆತಾಯಂದಿರೇ, ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿರಿ. ಗೋಡೆಗೆ ಸುಣ್ಣ ಆಯಿತೇ ಎಂದು ಕೇಳುವಂತೆಯೇ, 'ಎಲ್ಲರಿಗಿಂತ ಹಿಂದಿರುವ ಮಗು ಈ ತಿಂಗಳು ಯಾವ ಮೆಟ್ಟಿಲು ಏರಿತು?' ಎಂದೂ ಕೇಳಿರಿ. ಆ ಮಗು ನಿಮ್ಮದಲ್ಲದಿದ್ದರೂ ಕೇಳಿರಿ. ಗುರುಗಳೇ, ಯಾವ ಮಗುವಿನ ಎಲೆಯೂ ಬರಿದಾಗದಂತೆ ಬಡಿಸಿರಿ, ಯಾರಿಗೂ ಕಡಿಮೆಯದನ್ನು ಬಡಿಸಬೇಡಿರಿ.